ಟ್ರೌಟ್ ಮೀನುಗಾರಿಕೆಯ ಹಗುರ ಸ್ಪಿನ್ನಿಂಗ್ ರೀಲ್

ಹಗುರ ಸ್ಪಿನ್ನಿಂಗ್ ರೀಲ್ ಎಂಬುದು ಗಾಳದ ಕೋಲಿನ ಅಡಿಭಾಗಕ್ಕೆ ಜೋಡಿಸಿ ಬಳಸುವ ಸಣ್ಣ ಯಂತ್ರಸಾಧನ. ತೆಳುವಾದ ದಾರವನ್ನು ಸುತ್ತಿಟ್ಟುಕೊಳ್ಳುವುದು, ಎಸೆಯುವಾಗ ಅದನ್ನು ಸರಾಗವಾಗಿ ಬಿಡುವುದು, ಎರೆಯನ್ನು ಮರಳಿ ಸೆಳೆದುಕೊಳ್ಳುವುದು ಮತ್ತು ಮೀನು ಎಳೆದಾಗ ದಾರ ತುಂಡಾಗದಂತೆ ಸ್ವಲ್ಪಸ್ವಲ್ಪವಾಗಿ ಸಡಿಲಿಸುವುದು ಇದರ ಕೆಲಸಗಳು. ಸಾಮಾನ್ಯವಾಗಿ 150ರಿಂದ 250 ಗ್ರಾಂ ತೂಗುವ ಈ ರೀಲುಗಳನ್ನು ತಣ್ಣೀರಿನ ತೊರೆ, ನದಿ ಮತ್ತು ಸರೋವರಗಳಲ್ಲಿ ಟ್ರೌಟ್ ಮೀನು ಹಿಡಿಯಲು ಬಳಸುತ್ತಾರೆ. ಒಂದೆರಡು ಗ್ರಾಂ ತೂಕದ ಎರೆಯನ್ನೂ ಸಾಕಷ್ಟು ದೂರಕ್ಕೆ ಎಸೆಯಲು ಸಾಧ್ಯವಾಗುವುದು ಇದರ ಮುಖ್ಯ ಅನುಕೂಲ. ರೀಲನ್ನು ಆರಿಸುವಾಗ ಬೇರಿಂಗುಗಳ ಸಂಖ್ಯೆ, ಗರಿಷ್ಠ ಡ್ರ್ಯಾಗ್ ಮುಂತಾಗಿ ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿಸಿರುವ ಅಂಕಿಗಳಿಗಿಂತ ಸ್ಪೂಲಿನ ಅಳತೆ, ಡ್ರ್ಯಾಗಿನ ನಯ ಹಾಗೂ ಕೋಲಿನೊಂದಿಗಿನ ಸಮತೋಲನ ಹೆಚ್ಚು ಮುಖ್ಯವಾಗುತ್ತವೆ.

ಹೆಸರು

ಸ್ಪಿನ್ನಿಂಗ್ ಎಂಬ ಇಂಗ್ಲಿಷ್ ಪದಕ್ಕೆ ತಿರುಗುವುದು ಎಂದೂ ನೂಲುವುದು ಎಂದೂ ಅರ್ಥವಿದೆ. ರೀಲಿನ ಮುಂಭಾಗ ಗರಗರನೆ ತಿರುಗುವುದರಿಂದ ಈ ಹೆಸರು ಬಂದಿರಬೇಕೆಂದು ತೋರುವುದು ಸಹಜ. ಆದರೆ ಈ ಹೆಸರು ರೀಲಿಗಿಂತ ಹಳೆಯದು. ನೀರಿನಲ್ಲಿ ತಿರುಗುತ್ತ ಬರುವ ಎರೆಯನ್ನು ಎಸೆದು ಎಳೆಯುವ ವಿಧಾನವನ್ನು ಬ್ರಿಟನ್ನಿನ ಗಾಳಗಾರರು ಮೊದಲಿನಿಂದಲೂ ಸ್ಪಿನ್ನಿಂಗ್ ಎಂದೇ ಕರೆಯುತ್ತಿದ್ದರು. ಆ ವಿಧಾನಕ್ಕೆ ಒದಗಿದ ರೀಲಿಗೂ ಅದೇ ಹೆಸರು ಅಂಟಿಕೊಂಡಿತು. ಬ್ರಿಟನ್ನಿನಲ್ಲಿ ಇದನ್ನು ಸ್ಥಿರ ಸ್ಪೂಲಿನ ರೀಲ್ ಎಂದು ಕರೆಯುವ ರೂಢಿಯೂ ಇದೆ. ಯಂತ್ರದ ಗುಣವನ್ನು ಹೇಳುವುದರಲ್ಲಿ ಈ ಎರಡನೆಯ ಹೆಸರೇ ಹೆಚ್ಚು ನಿಖರವಾದುದು.

ಇತಿಹಾಸ

ಗಾಳದ ಕೋಲಿಗೆ ರಾಟೆಯನ್ನು ಜೋಡಿಸುವ ಪದ್ಧತಿ ಬಹಳ ಹಳೆಯದು. ಚೀನಾದ ಸೊಂಗ್ ಅರಸರ ಕಾಲದ ಚಿತ್ರಕಾರ ಮಾ ಯುವಾನ್ 1195ರ ಸುಮಾರಿಗೆ ಬರೆದನೆಂದು ಹೇಳಲಾಗುವ ಚಿತ್ರವೊಂದರಲ್ಲಿ, ದೋಣಿಯಲ್ಲಿ ಕುಳಿತ ಗಾಳಗಾರನ ಕೋಲಿಗೆ ಅಂತಹ ರಾಟೆಯಿರುವುದನ್ನು ಕಾಣಬಹುದು. ಮುಂದೆ ಯುರೋಪಿನಲ್ಲಿ ಬಳಕೆಗೆ ಬಂದ ರೀಲುಗಳಲ್ಲೂ ದಾರ ಬಿಚ್ಚಿಕೊಳ್ಳಬೇಕಾದರೆ ಉರುಳೆಯೇ ತಿರುಗಬೇಕಾಗಿತ್ತು. ಭಾರವಾದ ಎರೆಗೆ ಉರುಳೆಯನ್ನು ತಿರುಗಿಸುವ ಶಕ್ತಿಯಿರುತ್ತದೆ. ಹಗುರವಾದ ಎರೆಗೆ ಇರುವುದಿಲ್ಲ. ಅಲ್ಲದೆ ಎರೆ ನೀರಿಗೆ ಬಿದ್ದ ಮೇಲೂ ಉರುಳೆ ತಿರುಗುತ್ತಲೇ ಇದ್ದರೆ ದಾರವೆಲ್ಲ ಗೋಜಲಾಗುತ್ತಿತ್ತು. ಟ್ರೌಟ್ ಮೀನಿಗೆ ಬೇಕಾದ ಸಣ್ಣ ಎರೆಗಳನ್ನು ಇಂತಹ ರೀಲಿನಿಂದ ಎಸೆಯುವುದು ಬಹುಮಟ್ಟಿಗೆ ಅಸಾಧ್ಯವಾಗಿತ್ತು.

ಇದಕ್ಕೆ ಮೊದಲ ಪರಿಹಾರ ಸ್ಕಾಟ್ಲೆಂಡಿನ ಪರ್ತ್ ನಗರದ ಪೀಟರ್ ಮ್ಯಾಲಕ್ ಎಂಬವರಿಂದ ಬಂದಿತು. 1884ರಲ್ಲಿ ಅವರು ಹಕ್ಕುಸ್ವಾಮ್ಯ ಪಡೆದ ರೀಲಿನಲ್ಲಿ ಎಸೆಯುವ ಮುನ್ನ ಉರುಳೆಯನ್ನು ಕಾಲುಸುತ್ತು ತಿರುಗಿಸಿ ಅದರ ಪಕ್ಕವನ್ನು ಕೋಲಿನ ತುದಿಯ ಕಡೆಗೆ ಮುಖಮಾಡಿಸಬಹುದಿತ್ತು. ಆಗ ಉರುಳೆ ಅಲುಗದೆ ನಿಲ್ಲುತ್ತಿತ್ತು, ದಾರ ಅದರ ಅಂಚಿನಿಂದ ಕಳಚಿಕೊಂಡು ಹೋಗುತ್ತಿತ್ತು. ಎಸೆದ ಮೇಲೆ ಮತ್ತೆ ಹಿಂದಿನ ಸ್ಥಾನಕ್ಕೆ ತಿರುಗಿಸಿ ದಾರ ಸುತ್ತಬೇಕಾಗಿತ್ತು. ಆದರೆ ಪ್ರತಿಯೊಂದು ಎಸೆತಕ್ಕೂ ದಾರದಲ್ಲಿ ತಿರುಚು ಸೇರುತ್ತಿದ್ದುದು ಇದರ ದೋಷ.

ಇಂದಿನ ರೀಲಿನ ಮೂಲರೂಪವನ್ನು ಕಟ್ಟಿದವರು ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದ ಉಣ್ಣೆ ಗಿರಣಿಯ ಉದ್ಯಮಿ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್. ಅವರ ಹಕ್ಕುಸ್ವಾಮ್ಯ 1905ರದು. ಜವಳಿ ಗಿರಣಿಯಲ್ಲಿ ನಿಂತ ಕದಿರಿನ ತುದಿಯಿಂದ ನೂಲು ಸರಸರನೆ ಕಳಚಿಕೊಂಡು ಬರುವುದೇ ಈ ಉಪಾಯಕ್ಕೆ ಪ್ರೇರಣೆಯಾಯಿತೆಂದು ಹೇಳಲಾಗುತ್ತದೆ. ಕೈಮಗ್ಗವನ್ನು ಕಂಡವರಿಗೆ ಇದು ಹೊಸತಲ್ಲ: ಲಾಳಿಯೊಳಗಿನ ಕಂಡಿಕೆ ತಿರುಗುವುದಿಲ್ಲ, ನೂಲು ಮಾತ್ರ ಅದರ ತುದಿಯಿಂದ ಬಿಚ್ಚಿಕೊಳ್ಳುತ್ತದೆ. ಇಲ್ಲಿಂಗ್‌ವರ್ತ್ ರೀಲಿನಲ್ಲಿ ಉರುಳೆ ಸದಾ ಕೋಲಿನ ತುದಿಯತ್ತಲೇ ಮುಖಮಾಡಿ ನಿಂತಿರುತ್ತಿತ್ತು; ಅದರ ಸುತ್ತ ತಿರುಗುವ ಕೊಂಡಿಯೊಂದು ದಾರವನ್ನು ಸುತ್ತುತ್ತಿತ್ತು.

ಬಳಿಕದ ಸುಧಾರಣೆಗಳಲ್ಲಿ ಬೇಲ್ ಎಂಬ ಬಾಗಿದ ಕಂಬಿ ಮುಖ್ಯವಾದುದು. ಎಸೆತದ ನಂತರ ದಾರವನ್ನು ತಾನಾಗಿ ಹಿಡಿದು ಸುತ್ತುವ ಪೂರ್ಣ ಬೇಲ್ ಇಂಗ್ಲೆಂಡಿನ ಹಾರ್ಡಿ ಸಂಸ್ಥೆಯ ಆಲ್ಟೆಕ್ಸ್ ರೀಲಿನ ಮೂಲಕ 1930ರ ದಶಕದಲ್ಲಿ ಪ್ರಸಿದ್ಧವಾಯಿತು. ಎರಡನೆಯ ಮಹಾಯುದ್ಧದ ಬಳಿಕ ಫ್ರಾನ್ಸಿನ ಕ್ಲೂಸ್ ಪಟ್ಟಣದ ಕಾರ್ಪಾನೊ ಮತ್ತು ಪೋನ್ಸ್ ಸಂಸ್ಥೆ ತಯಾರಿಸಿದ ಮಿಚೆಲ್ 300 ರೀಲ್ ಅಮೆರಿಕದ ಮಾರುಕಟ್ಟೆಯಲ್ಲಿ ಮನೆಮಾತಾಯಿತು. ಸ್ವೀಡನ್ನಿನ ಆಬು ಸಂಸ್ಥೆಯ ಕಾರ್ಡಿನಲ್ ಸರಣಿಯ ಸಣ್ಣ ರೀಲುಗಳಿಗೆ ಟ್ರೌಟ್ ಗಾಳಗಾರರಲ್ಲಿ, ಅದರಲ್ಲೂ ಜಪಾನಿನ ಮಲೆನಾಡಿನ ತೊರೆಗಳಲ್ಲಿ ಮೀನು ಹಿಡಿಯುವವರಲ್ಲಿ, ಇಂದಿಗೂ ಅಭಿಮಾನಿಗಳಿದ್ದಾರೆ. ಜಪಾನಿನ ಸಕಾಯಿ ನಗರದಲ್ಲಿ 1921ರಲ್ಲಿ ಆರಂಭವಾಗಿ ಸೈಕಲ್ ಬಿಡಿಭಾಗಗಳಿಗೆ ಹೆಸರಾದ ಶಿಮಾನೊ 1970ರಲ್ಲಿ ಮೀನುಗಾರಿಕೆಯ ಸಲಕರಣೆಗಳಿಗೂ ಕೈಹಾಕಿತು. ಹಲ್ಲುಚಕ್ರಗಳ ತಯಾರಿಕೆಯಲ್ಲಿ ಅದು ಪಡೆದಿದ್ದ ಅನುಭವ ಇಲ್ಲಿಯೂ ನೆರವಾಯಿತು.

ರೀಲಿನಷ್ಟೇ ಮುಖ್ಯವಾದುದು ದಾರದ ಕತೆ. ಡುಪಾಂಟ್ ಸಂಸ್ಥೆ 1938ರಲ್ಲಿ ನೈಲಾನನ್ನು ಜಗತ್ತಿಗೆ ಪರಿಚಯಿಸಿತು. ಆಡುಮಾತಿನಲ್ಲಿ ತಂಗೂಸಿ ಎಂದು ಹೇಳುವ ನೈಲಾನಿನ ಒಂಟಿ ಎಳೆ ಯುದ್ಧಾನಂತರ ಅಗ್ಗವಾಗಿ ದೊರೆಯತೊಡಗಿತು. ಅದಕ್ಕೂ ಮೊದಲು ಬಳಸುತ್ತಿದ್ದ ರೇಷ್ಮೆ ದಾರವನ್ನು ಪ್ರತಿ ಬಾರಿ ಒಣಗಿಸಿ ಇಡಬೇಕಾಗಿತ್ತು. ಸ್ಥಿರ ಸ್ಪೂಲಿನ ರೀಲ್ ಜನಸಾಮಾನ್ಯರ ಸಾಧನವಾದುದು ನೈಲಾನ್ ಬಂದ ಮೇಲೆಯೇ.

ರಚನೆ ಮತ್ತು ಕಾರ್ಯವಿಧಾನ

ಹಿಡಿಕೆಯನ್ನು ತಿರುಗಿಸಿದಾಗ ಒಡಲಿನೊಳಗಿನ ದೊಡ್ಡ ಹಲ್ಲುಚಕ್ರ ಒಂದು ಸಣ್ಣ ಹಲ್ಲುಚಕ್ರವನ್ನು ಹಲವು ಪಟ್ಟು ವೇಗದಲ್ಲಿ ತಿರುಗಿಸುತ್ತದೆ. ಸಣ್ಣ ಚಕ್ರಕ್ಕೆ ರೋಟರ್ ಎಂಬ ಬಟ್ಟಲಿನಾಕಾರದ ಭಾಗ ಜೋಡಣೆಯಾಗಿದೆ. ರೋಟರಿನ ಎರಡು ತೋಳುಗಳ ನಡುವೆ ಬೇಲ್ ಕಂಬಿಯೂ ಅದರ ಒಂದು ಬದಿಯಲ್ಲಿ ದಾರ ಹಾದುಹೋಗುವ ಪುಟ್ಟ ಉರುಳುಗಾಲಿಯೂ ಇರುತ್ತವೆ. ರೋಟರ್ ತಿರುಗಿದಂತೆ ದಾರ ಸ್ಪೂಲಿನ ಮೇಲೆ ಸುತ್ತಿಕೊಳ್ಳುತ್ತದೆ. ಇದೇ ವೇಳೆಗೆ ಸ್ಪೂಲ್ ಹಿಂದಕ್ಕೂ ಮುಂದಕ್ಕೂ ಚಲಿಸುವುದರಿಂದ ದಾರ ಒಂದೇ ಕಡೆ ಗುಡ್ಡೆಯಾಗದೆ ಸಮನಾಗಿ ಹರಡುತ್ತದೆ. ಈ ಚಲನೆಯನ್ನು ಅಗ್ಗದ ರೀಲುಗಳಲ್ಲಿ ಒಂದು ಸರಳ ಹಲ್ಲುಚಕ್ರದ ಮೇಲಿನ ಮೊಳೆ ನಡೆಸುತ್ತದೆ. ದುಬಾರಿ ರೀಲುಗಳಲ್ಲಿ ಅಡ್ಡಗಾಡಿ ಕೊರೆದ ಸುರುಳಿ ದಂಡವೊಂದು ನಡೆಸುತ್ತದೆ. ಎರಡನೆಯದರಲ್ಲಿ ದಾರ ಹೆಚ್ಚು ಸಮನಾಗಿ ಕೂರುತ್ತದೆ, ಆದರೆ ಬಿಡಿಭಾಗಗಳೂ ತೂಕವೂ ಕೊಂಚ ಹೆಚ್ಚುತ್ತವೆ.

ಎಸೆಯುವಾಗ ಗಾಳಗಾರ ದಾರವನ್ನು ತೋರುಬೆರಳಿಗೆ ಸಿಕ್ಕಿಸಿಕೊಂಡು ಬೇಲನ್ನು ತೆರೆಯುತ್ತಾನೆ. ಕೋಲನ್ನು ಬೀಸಿ ತಕ್ಕ ಸಮಯಕ್ಕೆ ಬೆರಳು ಬಿಟ್ಟರೆ ದಾರ ಸ್ಪೂಲಿನ ಅಂಚಿನ ಮೇಲಿಂದ ಸುರುಳಿಸುರುಳಿಯಾಗಿ ಹಾರುತ್ತದೆ. ಇಲ್ಲಿ ಚಲಿಸುವ ಭಾಗ ಯಾವುದೂ ಇಲ್ಲದಿರುವುದರಿಂದ ದೂರವನ್ನು ನಿರ್ಧರಿಸುವುದು ಎರೆಯ ತೂಕ, ದಾರದ ದಪ್ಪ ಮತ್ತು ಅಂಚಿನ ಘರ್ಷಣೆ ಮಾತ್ರ.

ಹಿಡಿಕೆ ಹಿಮ್ಮುಖವಾಗಿ ತಿರುಗದಂತೆ ಒಳಗೊಂದು ಏಕಮುಖ ತಡೆ ಇರುತ್ತದೆ. ಹೊಸ ರೀಲುಗಳಲ್ಲಿ ಇದು ಸಣ್ಣ ಉರುಳೆಗಳ ಕೂಡಣೆಯಾಗಿದ್ದು ಎಳ್ಳಷ್ಟೂ ಸಡಿಲವಿಲ್ಲದೆ ಹಿಡಿಯುತ್ತದೆ. ಮೊದಲು ಇದನ್ನು ಕಳಚುವ ಗುಂಡಿಯೊಂದು ಎಲ್ಲ ರೀಲುಗಳಲ್ಲಿಯೂ ಇರುತ್ತಿತ್ತು. ಈಗ ಹಲವು ಮಾದರಿಗಳಲ್ಲಿ ಕೈಬಿಡಲಾಗಿದೆ. ಹಿಡಿಕೆಯನ್ನೇ ಹಿಂದಕ್ಕೆ ತಿರುಗಿಸಿ ಮೀನಿಗೆ ದಾರ ಬಿಡುವ ಹಳೆಯ ಅಭ್ಯಾಸದವರು ಆ ಗುಂಡಿಯಿರುವ ರೀಲನ್ನೇ ಹುಡುಕಬೇಕಾಗುತ್ತದೆ.

ಟ್ರೌಟ್ ಮೀನಿಗೆ ಹಗುರ ಸಾಧನ ಏಕೆ

ಟ್ರೌಟ್ ಎಂಬ ಹೆಸರಿನಲ್ಲಿ ಗಾಳಗಾರರು ಮುಖ್ಯವಾಗಿ ಗುರುತಿಸುವುದು ಯುರೋಪು ಮೂಲದ ಕಂದು ಟ್ರೌಟ್, ಉತ್ತರ ಅಮೆರಿಕದ ಪಶ್ಚಿಮ ಭಾಗದ ಮಳೆಬಿಲ್ಲು ಟ್ರೌಟ್ ಮತ್ತು ಅದೇ ಖಂಡದ ಪೂರ್ವ ಭಾಗದ ತೊರೆ ಟ್ರೌಟ್‌ಗಳನ್ನು. ಇವೆಲ್ಲವೂ ತಂಪಾದ, ಆಮ್ಲಜನಕ ಸಮೃದ್ಧವಾಗಿರುವ ತಿಳಿನೀರಿನಲ್ಲಿ ಬದುಕುತ್ತವೆ. ತಿಳಿನೀರಿನಲ್ಲಿ ದಪ್ಪ ದಾರ ಮೀನಿನ ಕಣ್ಣಿಗೆ ಬೀಳುತ್ತದೆ. ಅಲ್ಲದೆ ಸಣ್ಣ ಎರೆಯ ಸಹಜ ಚಲನೆಯನ್ನೂ ಕೆಡಿಸುತ್ತದೆ. ಸಣ್ಣ ತೊರೆಗಳಲ್ಲಿ ಸಿಗುವ ಮೀನು ಬಹುವೇಳೆ ಅರ್ಧ ಕಿಲೋಗ್ರಾಂಗಿಂತ ಕಡಿಮೆ ತೂಗುತ್ತದೆ. ಆದುದರಿಂದ 2ರಿಂದ 6 ಪೌಂಡ್ ತಾಳಿಕೆಯ ದಾರ, 1ರಿಂದ 7 ಗ್ರಾಂ ತೂಕದ ಎರೆ, 165ರಿಂದ 210 ಸೆಂಟಿಮೀಟರ್ ಉದ್ದದ ಬಳುಕುವ ಕೋಲು ಎಂಬ ಹೊಂದಾಣಿಕೆ ರೂಢಿಗೆ ಬಂದಿದೆ. ಎರೆಗಳಲ್ಲಿ ಫ್ರಾನ್ಸಿನ ಮೆಪ್ಸ್ ಸಂಸ್ಥೆಯ ಆಗ್ಲಿಯಾದಂತಹ, ತಂತಿಯ ಸುತ್ತ ಹಿತ್ತಾಳೆಯ ತಗಡು ತಿರುಗುವ ಸ್ಪಿನ್ನರುಗಳು, ಚಮಚೆಯಾಕಾರದ ತಗಡುಗಳು ಮತ್ತು ಪುಟ್ಟ ಮೀನಿನ ಪ್ರತಿಕೃತಿಗಳು ಹೆಚ್ಚು ಬಳಕೆಯಲ್ಲಿವೆ.

ಒಂದು ದಿನದಲ್ಲಿ ಗಾಳಗಾರ ನೂರಾರು ಬಾರಿ ಎಸೆಯುತ್ತಾನೆ. ತೊರೆಯ ಬಂಡೆಗಳ ಮೇಲೆ ನಡೆಯುತ್ತ ಒಂದೇ ಕೈಯಲ್ಲಿ ಕೋಲನ್ನು ಹಿಡಿದಿರುವವನಿಗೆ ಐವತ್ತು ಗ್ರಾಮಿನ ವ್ಯತ್ಯಾಸವೂ ಮಣಿಕಟ್ಟಿಗೆ ತಿಳಿಯುತ್ತದೆ.

ಗಾತ್ರ ಮತ್ತು ಸ್ಪೂಲ್

ರೀಲಿನ ಗಾತ್ರವನ್ನು 500, 1000, 2000, 2500 ಮುಂತಾದ ಸಂಖ್ಯೆಗಳಿಂದ ಸೂಚಿಸುತ್ತಾರೆ. ಇವು ಯಾವುದೇ ಅಳತೆಯಲ್ಲ. ತಯಾರಕರೆಲ್ಲ ಒಪ್ಪಿದ ಸಮಾನ ಮಾನದಂಡವೂ ಇಲ್ಲ. ಒಬ್ಬರ 1000 ಇನ್ನೊಬ್ಬರ 2000ಕ್ಕೆ ಸಮವಾಗಿರಬಹುದು. ಶಿಮಾನೊ ರೀಲುಗಳಲ್ಲಿ ಸಂಖ್ಯೆಯ ಹಿಂದೆ ಸಿ ಎಂಬ ಅಕ್ಷರವಿದ್ದರೆ ಸಣ್ಣ ಒಡಲಿಗೆ ಒಂದು ಗಾತ್ರ ದೊಡ್ಡ ಸ್ಪೂಲನ್ನು ಜೋಡಿಸಲಾಗಿದೆಯೆಂದು ಅರ್ಥ. ಕೊನೆಯಲ್ಲಿ ಎಸ್ ಇದ್ದರೆ ಸ್ಪೂಲಿನ ಆಳ ಕಡಿಮೆ. ಹೀಗಾಗಿ ಸಂಖ್ಯೆಗಿಂತ ತೂಕ, ಸ್ಪೂಲಿನ ವ್ಯಾಸ ಮತ್ತು ದಾರ ಹಿಡಿಯುವ ಪ್ರಮಾಣ ಇವುಗಳನ್ನು ಹೋಲಿಸುವುದು ವಿಶ್ವಸನೀಯ.

ಟ್ರೌಟ್ ಮೀನುಗಾರಿಕೆಗೆ ರೀಲ್ ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೆಯದೆಂಬ ಭಾವನೆ ವ್ಯಾಪಕವಾಗಿದೆ. ಇದು ಪೂರ್ಣವಾಗಿ ನಿಜವಲ್ಲ. ನೈಲಾನ್ ದಾರಕ್ಕೆ ನೆನಪಿನ ಗುಣವಿದೆ. ಸಣ್ಣ ಸ್ಪೂಲಿನಲ್ಲಿ ಬಿಗಿಯಾಗಿ ಸುತ್ತಿಟ್ಟ ದಾರ ಹೊರಬಂದಾಗಲೂ ಸುರುಳಿಯಾಗಿಯೇ ಉಳಿಯುತ್ತದೆ. ಆ ಸುರುಳಿಗಳು ಅಂಚಿಗೂ ಕೋಲಿನ ಬಳೆಗಳಿಗೂ ತಾಗಿ ಎಸೆತದ ದೂರವನ್ನು ತಗ್ಗಿಸುತ್ತವೆ. ಅಗಲವಾದ, ಆಳ ಕಡಿಮೆಯಿರುವ ಸ್ಪೂಲಿನಲ್ಲಿ ಈ ತೊಂದರೆ ಕಡಿಮೆ. 0.20 ಮಿಲಿಮೀಟರ್ ದಪ್ಪದ, ಸುಮಾರು 4 ಪೌಂಡ್ ತಾಳಿಕೆಯ ದಾರ 100 ಮೀಟರ್ ಹಿಡಿದರೆ ತೊರೆಯ ಮೀನುಗಾರಿಕೆಗೆ ಧಾರಾಳವಾಯಿತು, ಏಕೆಂದರೆ ಅಲ್ಲಿನ ಎಸೆತಗಳು ಇಪ್ಪತ್ತು ಇಪ್ಪತ್ತೈದು ಮೀಟರನ್ನು ಮೀರುವುದು ಅಪರೂಪ. ಆಳವಾದ ಸ್ಪೂಲಾದರೆ ತಳದಲ್ಲಿ ಹಳೆಯ ದಾರವನ್ನು ತುಂಬಿಸಿ ಅದರ ಮೇಲೆ ಹೊಸ ದಾರವನ್ನು ಸುತ್ತುವುದುಂಟು. ದಾರವು ಅಂಚಿಗಿಂತ ಒಂದೂವರೆಯಿಂದ ಎರಡು ಮಿಲಿಮೀಟರ್ ಕೆಳಗಿರುವಂತೆ ತುಂಬಬೇಕು. ಕಡಿಮೆಯಾದರೆ ದೂರ ಹೋಗದು. ಹೆಚ್ಚಾದರೆ ಹಲವು ಸುತ್ತುಗಳು ಒಮ್ಮೆಗೇ ಕಳಚಿ ಗಂಟಾಗುತ್ತವೆ.

ಪಾಲಿಎಥಿಲೀನ್ ಎಳೆಗಳನ್ನು ಹೆಣೆದು ಮಾಡಿದ ದಾರ ಅದೇ ತಾಳಿಕೆಗೆ ಬಹಳ ತೆಳ್ಳಗಿರುತ್ತದೆ, ಹಿಗ್ಗುವುದೂ ಇಲ್ಲ. ಎರೆಯ ಸಣ್ಣ ಕಂಪನವೂ ಕೈಗೆ ತಿಳಿಯುತ್ತದೆ. ಆದರೆ ಅದು ನುಣುಪಾದ ಲೋಹದ ಸ್ಪೂಲಿನ ಮೇಲೆ ಜಾರುವುದರಿಂದ ಕೆಳಗೆ ಒಂದೆರಡು ಪದರ ನೈಲಾನ್ ಬೇಕು. ಗಾಳಿ ಬೀಸುವಾಗ ಹಗುರವಾದ ಎರೆಯೊಂದಿಗೆ ಸಡಿಲವಾಗಿ ಸುತ್ತಿಕೊಂಡರೆ ಬಿಡಿಸಲಾಗದ ಗಂಟುಗಳಾಗುವುದೂ ಉಂಟು. ಕಲಿಯುತ್ತಿರುವವರಿಗೆ ನೈಲಾನ್ ದಾರವೇ ಹೆಚ್ಚು ಕ್ಷಮಾಶೀಲವಾದುದು.

ಡ್ರ್ಯಾಗ್

ಮೀನು ಜೋರಾಗಿ ಎಳೆದಾಗ ಸ್ಪೂಲ್ ಜಾರಿ ದಾರವನ್ನು ಬಿಡುವಂತೆ ಮಾಡುವ ಘರ್ಷಣಾ ವ್ಯವಸ್ಥೆಗೆ ಡ್ರ್ಯಾಗ್ ಎಂದು ಹೆಸರು. ಸ್ಪೂಲಿನ ಮುಂಭಾಗದ ಗುಂಡಿಯನ್ನು ಬಿಗಿಮಾಡಿದಾಗ ಒಳಗಿನ ಲೋಹದ ಬಿಲ್ಲೆಗಳೂ ಅವುಗಳ ನಡುವಿನ ಒತ್ತುಬಟ್ಟೆ ಅಥವಾ ಕಾರ್ಬನ್ ನಾರಿನ ಬಿಲ್ಲೆಗಳೂ ಒಂದನ್ನೊಂದು ಒತ್ತುತ್ತವೆ. ಕೆಲವು ರೀಲುಗಳಲ್ಲಿ ಗುಂಡಿ ಹಿಂಭಾಗದಲ್ಲಿರುತ್ತದೆ. ಮೀನಿನೊಂದಿಗೆ ಸೆಣಸುವಾಗ ಕೈಗೆ ಸುಲಭವಾಗಿ ಸಿಗುವುದು ಅದರ ಅನುಕೂಲ, ಬಿಲ್ಲೆಗಳು ಚಿಕ್ಕವಾಗಿರುವುದು ಅನನುಕೂಲ.

ಡ್ರ್ಯಾಗನ್ನು ದಾರದ ತಾಳಿಕೆಯ ಕಾಲುಭಾಗದಿಂದ ಮೂರನೆಯ ಒಂದು ಭಾಗಕ್ಕೆ ಹೊಂದಿಸುವುದು ವಾಡಿಕೆ. 4 ಪೌಂಡ್ ಎಂದರೆ ಸುಮಾರು 1.8 ಕಿಲೋಗ್ರಾಂ; ಆದ್ದರಿಂದ ಅಂತಹ ದಾರಕ್ಕೆ ಬೇಕಾದ ಡ್ರ್ಯಾಗ್ 450ರಿಂದ 600 ಗ್ರಾಂ ಮಾತ್ರ. ಹೀಗಿರುವಾಗ 5 ಕಿಲೋ, 8 ಕಿಲೋ ಎಂದು ಜಾಹೀರಾತಿನಲ್ಲಿ ಸಾರುವ ಗರಿಷ್ಠ ಡ್ರ್ಯಾಗಿಗೆ ಟ್ರೌಟ್ ಗಾಳಗಾರನ ಮಟ್ಟಿಗೆ ಅರ್ಥವೇ ಇಲ್ಲ. ಅರ್ಧ ಕಿಲೋದ ಆಸುಪಾಸಿನಲ್ಲಿ ಅದು ಎಷ್ಟು ನಯವಾಗಿ ಜಾರುತ್ತದೆ ಎಂಬುದೇ ಪ್ರಶ್ನೆ. ನಿಂತಿರುವ ಬಿಲ್ಲೆಗಳು ಜಾರಲು ಆರಂಭಿಸುವ ಕ್ಷಣದಲ್ಲಿ ಬೇಕಾಗುವ ಬಲ, ಜಾರುತ್ತಿರುವಾಗ ಬೇಕಾಗುವ ಬಲಕ್ಕಿಂತ ಹೆಚ್ಚು. ಕಳಪೆ ರೀಲಿನಲ್ಲಿ ಈ ಅಂತರ ದೊಡ್ಡದಾಗಿ, ಸ್ಪೂಲ್ ಕಚ್ಚಿಕೊಂಡು ಬಿಟ್ಟು ಮತ್ತೆ ಕಚ್ಚಿಕೊಳ್ಳುತ್ತದೆ. ದಡದ ಹತ್ತಿರ ಬಂದ ಮೀನು ಥಟ್ಟನೆ ತಿರುಗಿದಾಗ ತೆಳುವಾದ ದಾರ ತುಂಡಾಗುವುದು ಬಹುಮಟ್ಟಿಗೆ ಈ ಕಾರಣದಿಂದಲೇ. ಎಣ್ಣೆ ಹೀರಿದ ಒತ್ತುಬಟ್ಟೆಯ ಬಿಲ್ಲೆಗಳು ಕಡಿಮೆ ಬಲದಲ್ಲಿ ನಯವಾಗಿ ವರ್ತಿಸುವುದರಿಂದ ಹಗುರ ರೀಲುಗಳಲ್ಲಿ ಅವು ಇನ್ನೂ ಉಳಿದುಬಂದಿವೆ.

ಸ್ಪೂಲಿನ ವ್ಯಾಸಕ್ಕೂ ಡ್ರ್ಯಾಗಿಗೂ ಇರುವ ಸಂಬಂಧವನ್ನು ಅನೇಕರು ಗಮನಿಸುವುದಿಲ್ಲ. ಬಿಲ್ಲೆಗಳು ಕೊಡುವುದು ನಿರ್ದಿಷ್ಟ ತಿರುಚುಬಲ. ದಾರ ಖಾಲಿಯಾದಂತೆ ಸುತ್ತಿನ ತ್ರಿಜ್ಯ ಕಡಿಮೆಯಾಗುತ್ತದೆ, ಅದೇ ತಿರುಚುಬಲವನ್ನು ಮೀರಲು ದಾರದ ಮೇಲೆ ಹೆಚ್ಚು ಎಳೆತ ಬೀಳುತ್ತದೆ. ಉದಾಹರಣೆಗೆ, ತುಂಬಿದಾಗ 40 ಮಿಲಿಮೀಟರ್ ವ್ಯಾಸವಿರುವ ಸ್ಪೂಲಿನಲ್ಲಿ ಡ್ರ್ಯಾಗನ್ನು 500 ಗ್ರಾಮಿಗೆ ಹೊಂದಿಸಲಾಗಿದೆಯೆನ್ನೋಣ. ದಾರ ಹೋಗಿ ವ್ಯಾಸ 34 ಮಿಲಿಮೀಟರಿಗೆ ಇಳಿದಾಗ ಎಳೆತ ಸುಮಾರು 590 ಗ್ರಾಂ ಆಗುತ್ತದೆ. ತುಂಬಿದಾಗ 30 ಮಿಲಿಮೀಟರ್ ಮಾತ್ರವಿರುವ ಪುಟ್ಟ ಸ್ಪೂಲಿನಿಂದ ಅಷ್ಟೇ ಉದ್ದದ ದಾರ ಹೋದರೆ, ಸ್ಪೂಲುಗಳ ಅಗಲ ಒಂದೇ ಎಂದುಕೊಂಡರೂ, ವ್ಯಾಸ ಸುಮಾರು 21 ಮಿಲಿಮೀಟರಿಗೆ ಕುಸಿದು ಎಳೆತ 700 ಗ್ರಾಂ ಮುಟ್ಟುತ್ತದೆ. ಬಾಗಿದ ಕೋಲಿನ ಬಳೆಗಳಲ್ಲಿ ಉಂಟಾಗುವ ಘರ್ಷಣೆ ಇದಕ್ಕೆ ಸೇರುತ್ತದೆ. ಆದುದರಿಂದ ಡ್ರ್ಯಾಗನ್ನು ರೀಲಿನಿಂದ ನೇರವಾಗಿ ಎಳೆದು ನೋಡುವ ಬದಲು, ಕೋಲನ್ನು ಬಾಗಿಸಿ ಅದರ ತುದಿಯಿಂದ ಬರುವ ದಾರಕ್ಕೆ ಚಿಕ್ಕ ತೂಗುಕೊಕ್ಕೆಯನ್ನು ಕಟ್ಟಿ ಎಳೆದು ಹೊಂದಿಸುವುದು ಸರಿಯಾದ ಕ್ರಮ.

ಗಿಯರ್ ಅನುಪಾತ

ಹಿಡಿಕೆಯ ಒಂದು ಸುತ್ತಿಗೆ ರೋಟರ್ ಎಷ್ಟು ಸುತ್ತು ತಿರುಗುತ್ತದೆಂಬುದೇ ಗಿಯರ್ ಅನುಪಾತ. ಹಗುರ ರೀಲುಗಳಲ್ಲಿ ಇದು ಸಾಮಾನ್ಯವಾಗಿ 5ರಿಂದ 6ರ ಆಸುಪಾಸಿನಲ್ಲಿರುತ್ತದೆ. ಅನುಪಾತವೊಂದೇ ವೇಗವನ್ನು ಹೇಳದು. ಸ್ಪೂಲಿನ ಸುತ್ತಳತೆಯೊಂದಿಗೆ ಗುಣಿಸಿ ನೋಡಬೇಕು. 40 ಮಿಲಿಮೀಟರ್ ವ್ಯಾಸದ ಸ್ಪೂಲಿಗೆ 5.2 ಅನುಪಾತವಿದ್ದರೆ ಪ್ರತಿ ಸುತ್ತಿಗೆ ಸುಮಾರು 65 ಸೆಂಟಿಮೀಟರ್ ದಾರ ಒಳಬರುತ್ತದೆ. 6.2 ಅನುಪಾತಕ್ಕೆ ಅದು 78 ಸೆಂಟಿಮೀಟರ್. 30 ಮಿಲಿಮೀಟರಿನ ಸ್ಪೂಲಾದರೆ 5.2 ಅನುಪಾತದಲ್ಲಿಯೂ 49 ಸೆಂಟಿಮೀಟರ್ ಮಾತ್ರ.

ಪ್ರವಾಹದ ಎದುರಿಗೆ ಮೇಲಕ್ಕೆ ಎಸೆಯುವ ಪದ್ಧತಿಯಲ್ಲಿ ನೀರೇ ಎರೆಯನ್ನು ಗಾಳಗಾರನತ್ತ ತಳ್ಳಿಕೊಂಡು ಬರುತ್ತದೆ. ನೀರಿಗಿಂತ ವೇಗವಾಗಿ ದಾರ ಸುತ್ತದಿದ್ದರೆ ಸ್ಪಿನ್ನರಿನ ತಗಡು ತಿರುಗದು, ಎರೆ ತಳದ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಹೆಚ್ಚಿನ ಅನುಪಾತ ಉಪಯುಕ್ತ. ಸರೋವರದಲ್ಲಿ ಚಮಚೆಯನ್ನು ನಿಧಾನವಾಗಿ ಎಳೆಯುವವರಿಗೆ, ಚಳಿಗಾಲದ ಮಂದ ಮೀನುಗಳನ್ನು ಹುಡುಕುವವರಿಗೆ ಕಡಿಮೆ ಅನುಪಾತ ಹೊಂದುತ್ತದೆ.

ಬೇರಿಂಗ್ ಮತ್ತು ಒಡಲು

ಬೇರಿಂಗುಗಳ ಸಂಖ್ಯೆಯನ್ನು ಗುಣಮಟ್ಟದ ಅಳತೆಯೆಂದು ಬಿಂಬಿಸುವುದು ಮಾರಾಟದ ತಂತ್ರ. ಸಣ್ಣ ಹಲ್ಲುಚಕ್ರಕ್ಕೆ, ದೊಡ್ಡ ಹಲ್ಲುಚಕ್ರದ ಎರಡು ಬದಿಗಳಿಗೆ ಮತ್ತು ದಾರದ ಉರುಳುಗಾಲಿಗೆ ಉತ್ತಮ ಬೇರಿಂಗುಗಳಿದ್ದರೆ ಮುಖ್ಯ ಅಗತ್ಯ ಪೂರೈಸಿದಂತೆ. ಹಿಡಿಕೆಯ ಗುಬಟಿನಲ್ಲಿ, ಸ್ಪೂಲಿನ ಕೆಳಗೆ ಸೇರಿಸುವ ಉಳಿದವು ಸಂಖ್ಯೆಯನ್ನು ಹೆಚ್ಚಿಸುತ್ತವೆಯೇ ಹೊರತು ಕೆಲಸವನ್ನು ಅಷ್ಟಾಗಿ ಸುಧಾರಿಸವು. ಹನ್ನೊಂದು ಅಗ್ಗದ ಬೇರಿಂಗುಗಳಿಗಿಂತ ತುಕ್ಕು ಹಿಡಿಯದ ಐದು ಬೇರಿಂಗುಗಳು ಮೇಲು.

ಒಡಲನ್ನು ಅಲ್ಯೂಮಿನಿಯಂ, ಮೆಗ್ನೀಸಿಯಂ ಅಥವಾ ಕಾರ್ಬನ್ ನಾರು ಬೆರೆಸಿದ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಟ್ರೌಟಿನಂತಹ ಹಗುರ ಕೆಲಸಕ್ಕೆ ಕೊನೆಯದು ಸಾಕು. ತೂಕವೂ ಕಡಿಮೆ, ಚಳಿಯಲ್ಲಿ ಕೈಗೆ ಲೋಹದಷ್ಟು ತಣ್ಣಗೂ ತಾಗದು. ಮೆಗ್ನೀಸಿಯಂ ಹಗುರವೂ ಗಟ್ಟಿಯೂ ಆದರೂ ಲೇಪ ಕಿತ್ತುಹೋದರೆ ಉಪ್ಪುನೀರಿನಲ್ಲಿ ಬೇಗ ಕೊರೆದುಹೋಗುತ್ತದೆ. ರೋಟರ್ ಹಗುರವಾಗಿರುವುದು ಒಟ್ಟು ತೂಕ ಕಡಿಮೆಯಿರುವುದಕ್ಕಿಂತಲೂ ಮುಖ್ಯ, ಏಕೆಂದರೆ ತಿರುಗುವ ಭಾಗ ಹಗುರವಾದಷ್ಟೂ ಹಿಡಿಕೆ ಬೇಗ ಚಲಿಸುತ್ತದೆ, ಬೇಗ ನಿಲ್ಲುತ್ತದೆ ಮತ್ತು ಮೀನಿನ ಮೆಲುವಾದ ಕಚ್ಚುವಿಕೆ ಬೆರಳಿಗೆ ಅರಿವಾಗುತ್ತದೆ.

ಅಂಗಡಿಯಲ್ಲಿ ರೀಲನ್ನು ಕೋಲಿಗೆ ಕೂರಿಸಿಯೇ ನೋಡಬೇಕು. ರೀಲಿನ ಕಾಲಿನ ಮುಂದೆ ಒಂದು ಬೆರಳನ್ನಿಟ್ಟು ಎತ್ತಿದಾಗ ಕೋಲು ಸಮತೂಕದಲ್ಲಿ ನಿಂತರೆ ಹೊಂದಾಣಿಕೆ ಸರಿಯಾಗಿದೆ. ತುದಿ ಕೆಳಗೆ ವಾಲಿದರೆ ರೀಲ್ ಅತಿ ಹಗುರವಾಯಿತೆಂದೇ ಅರ್ಥ. 150 ಗ್ರಾಮಿನ ದುಬಾರಿ ರೀಲನ್ನು ಉದ್ದನೆಯ ಕೋಲಿಗೆ ಕಟ್ಟಿದವರ ಮಣಿಕಟ್ಟು ನೋಯುವುದು ಹೀಗೆ. ಡ್ರ್ಯಾಗನ್ನು ಬಹಳ ಸಡಿಲಗೊಳಿಸಿ ದಾರವನ್ನು ನಿಧಾನವಾಗಿ ಎಳೆದಾಗ ಕೋಲಿನ ತುದಿ ನಡುಗದೆ ಒಂದೇ ಬಾಗಿನಲ್ಲಿ ನಿಂತಿದೆಯೇ, ಹಿಡಿಕೆ ಅಲುಗಾಡುತ್ತದೆಯೇ, ಬೇಲ್ ಕೈಯಿಂದ ಮುಚ್ಚಿದಾಗ ಖಚಿತವಾಗಿ ಕೂರುತ್ತದೆಯೇ ಎಂಬುದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಹಿಡಿಕೆಯನ್ನು ಎಡಕ್ಕೂ ಬಲಕ್ಕೂ ಬದಲಾಯಿಸುವ ಸೌಲಭ್ಯ ಈಗ ಬಹುತೇಕ ಎಲ್ಲ ರೀಲುಗಳಲ್ಲಿಯೂ ಇದೆ.

ದಾರದ ತಿರುಚು

ಸ್ಥಿರ ಸ್ಪೂಲಿನ ರೀಲಿನ ಹುಟ್ಟುದೋಷವೆಂದರೆ ದಾರ ತಿರುಚಿಕೊಳ್ಳುವುದು. ರೋಟರ್ ಒಂದು ಸುತ್ತು ಹಾಕಿದಾಗ ದಾರಕ್ಕೆ ಒಂದು ತಿರುಚು ಸೇರುತ್ತದೆ. ಎಸೆಯುವಾಗ ಅದೇ ಸುತ್ತು ಅಂಚಿನಿಂದ ಕಳಚಿದರೆ ಆ ತಿರುಚು ಬಿಚ್ಚಿಹೋಗುತ್ತದೆ. ಹೀಗೆ ಮೇಲ್ನೋಟಕ್ಕೆ ಲೆಕ್ಕ ಸರಿಹೋಗುತ್ತದೆ. ಆದರೆ ಮೀನು ದಾರವನ್ನು ಎಳೆಯುತ್ತಿರುವಾಗ ಗಾಬರಿಯಿಂದ ಹಿಡಿಕೆಯನ್ನು ತಿರುಗಿಸುತ್ತಲೇ ಇದ್ದರೆ ದಾರ ಒಳಬರದೆ ರೋಟರ್ ಮಾತ್ರ ತಿರುಗುತ್ತದೆ. 5.2 ಅನುಪಾತದ ರೀಲಿನಲ್ಲಿ ಇಂತಹ ಹತ್ತು ಸುತ್ತುಗಳಿಗೆ ಐವತ್ತೆರಡು ತಿರುಚುಗಳು ಸೇರಿಕೊಳ್ಳುತ್ತವೆ. ಹೊಸಬರ ರೀಲುಗಳಲ್ಲಿ ದಾರ ಗೋಜಲಾಗುವುದಕ್ಕೆ ರೀಲಿನ ದೋಷಕ್ಕಿಂತ ಈ ಅಭ್ಯಾಸವೇ ಹೆಚ್ಚಾಗಿ ಕಾರಣ. ಡ್ರ್ಯಾಗ್ ಜಾರುವ ಸದ್ದು ಕೇಳುತ್ತಿರುವಷ್ಟು ಹೊತ್ತು ಹಿಡಿಕೆಯನ್ನು ಬಿಟ್ಟಿರಬೇಕು. ಕೋಲನ್ನು ಮೇಲೆತ್ತಿ, ಕೆಳಗಿಳಿಸುವಾಗ ಮಾತ್ರ ಸುತ್ತಬೇಕು.

ತಿರುಗುವ ಎರೆಯೂ ತಿರುಚನ್ನು ಸೇರಿಸುತ್ತದೆ. ಎರೆಯಿಂದ ಒಂದು ಮೊಳ ಮೇಲೆ ಪುಟ್ಟ ತಿರುಗುಕೊಂಡಿಯನ್ನು ಕಟ್ಟುವುದರಿಂದ ಇದು ಕಡಿಮೆಯಾಗುತ್ತದೆ. ಎರೆ ನೀರಿಗೆ ಬಿದ್ದೊಡನೆ ಬೇಲನ್ನು ಕೈಯಿಂದಲೇ ಮುಚ್ಚಿ, ದಾರವನ್ನೊಮ್ಮೆ ಬಿಗಿಗೊಳಿಸಿ, ಆಮೇಲೆ ಸುತ್ತತೊಡಗಿದರೆ ಸಡಿಲ ಕುಣಿಕೆಗಳು ಸ್ಪೂಲಿನಲ್ಲಿ ಉಳಿಯವು. ಈಗಾಗಲೇ ತಿರುಚಿಕೊಂಡ ದಾರವನ್ನು ಎರೆಯಿಲ್ಲದೆ ಹರಿಯುವ ನೀರಿನಲ್ಲಿ ಉದ್ದಕ್ಕೆ ಬಿಟ್ಟು ಮರಳಿ ಸುತ್ತುವುದು ಹಳೆಯ ಪರಿಹಾರ.

ಮೀನಿನ ಉಳಿವಿನ ಪ್ರಶ್ನೆ

ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವ ಪದ್ಧತಿ ಹಲವು ದೇಶಗಳ ಟ್ರೌಟ್ ಹೊಳೆಗಳಲ್ಲಿ ರೂಢಿಯಾಗಿದೆ, ಕೆಲವೆಡೆ ಕಡ್ಡಾಯವೂ ಆಗಿದೆ. ಅಲ್ಲಿ ರೀಲಿನ ಆಯ್ಕೆ ಗಾಳಗಾರನ ಅನುಕೂಲದ ವಿಷಯವಷ್ಟೇ ಆಗಿ ಉಳಿಯುವುದಿಲ್ಲ. ಅತಿ ತೆಳುವಾದ ದಾರ ಮತ್ತು ಅತಿ ಸಡಿಲ ಡ್ರ್ಯಾಗಿನೊಂದಿಗೆ ಮೀನನ್ನು ಬಹಳ ಹೊತ್ತು ಆಡಿಸುವುದು ಕೌಶಲದ ಪ್ರದರ್ಶನವೆಂದು ಕೆಲವರು ಭಾವಿಸುತ್ತಾರೆ. ಸೆಣಸಾಟ ದೀರ್ಘವಾದಷ್ಟೂ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸಂಗ್ರಹವಾಗುತ್ತದೆ. ಈಜಿಕೊಂಡು ಹೋದಂತೆ ಕಂಡ ಮೀನು ಕೆಲವು ಗಂಟೆಗಳ ಬಳಿಕ ಸಾಯಬಹುದು.

ನೀರು ಬೆಚ್ಚಗಾದಾಗ ಅಪಾಯ ಇನ್ನೂ ಹೆಚ್ಚು. 10 ಡಿಗ್ರಿ ಸೆಲ್ಸಿಯಸಿನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು; 20 ಡಿಗ್ರಿಯಲ್ಲಿ ಅದು 9.1 ಮಿಲಿಗ್ರಾಮಿಗೆ ಇಳಿಯುತ್ತದೆ. ಅದೇ ವೇಳೆಗೆ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಆದುದರಿಂದ ನೀರಿನ ಉಷ್ಣಾಂಶ 20 ಡಿಗ್ರಿಯನ್ನು ಸಮೀಪಿಸಿದಾಗ ಟ್ರೌಟ್ ಹಿಡಿಯುವುದನ್ನು ನಿಲ್ಲಿಸಬೇಕೆಂಬುದು ವ್ಯಾಪಕವಾದ ಸಲಹೆ. ದೊಡ್ಡ ಮೀನುಗಳಿರುವ ಹೊಳೆಯಲ್ಲಿ 2 ಪೌಂಡಿನ ದಾರಕ್ಕಿಂತ 6 ಪೌಂಡಿನದು, ಪುಟ್ಟ ರೀಲಿಗಿಂತ 2000 ಅಥವಾ 2500 ಗಾತ್ರದ್ದು ಮೀನಿನ ದೃಷ್ಟಿಯಿಂದ ಒಳ್ಳೆಯದು. ತುಂಡಾದ ದಾರ ಬಾಯಲ್ಲಿ ಕೊಕ್ಕೆಯೊಡನೆ ನೇತಾಡುವ ಮೀನು ಬದುಕುವುದು ಕಷ್ಟವೆಂಬುದೂ ಇದಕ್ಕೆ ಸೇರುತ್ತದೆ. ಮುಳ್ಳನ್ನು ಚಪ್ಪಟೆಮಾಡಿದ ಒಂಟಿ ಕೊಕ್ಕೆಯನ್ನು ಬಳಸುವುದು, ಒದ್ದೆ ಕೈಯಿಂದ ಮಾತ್ರ ಮೀನನ್ನು ಮುಟ್ಟುವುದು ಇದೇ ಕಾಳಜಿಯ ಭಾಗಗಳು.

ಭಾರತದಲ್ಲಿ

ಭಾರತದಲ್ಲಿ ಟ್ರೌಟ್ ಮೂಲನಿವಾಸಿಯಲ್ಲ. ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ತಂದು ಬಿಡಲಾಯಿತು. ನೀಲಗಿರಿಯಲ್ಲಿ ಫ್ರಾನ್ಸಿಸ್ ಡೇ 1860ರ ದಶಕದಲ್ಲಿ ಮಾಡಿದ ಪ್ರಯತ್ನ ಫಲಿಸಲಿಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಅವರ ಯತ್ನದಿಂದ ಅಲ್ಲಿ ಮಳೆಬಿಲ್ಲು ಟ್ರೌಟ್ ನೆಲೆಯೂರಿತು. ಕಾಶ್ಮೀರದಲ್ಲಿ 1900ರ ಸುಮಾರಿಗೆ ಎಫ್. ಜೆ. ಮಿಚೆಲ್ ಕಂದು ಟ್ರೌಟನ್ನು ಬೆಳೆಸಿದರು. ಮೇಲೆ ಹೇಳಿದ ಫ್ರಾನ್ಸಿನ ರೀಲಿಗೂ ಇವರಿಗೂ ಸಂಬಂಧವಿಲ್ಲ. ಕುಲ್ಲು ಕಣಿವೆಗೆ ಟ್ರೌಟ್ ಬಂದುದು 1909ರ ಸುಮಾರಿನಲ್ಲಿ. ಇಂದು ಕಾಶ್ಮೀರದ ಲಿದ್ದರ್, ಹಿಮಾಚಲ ಪ್ರದೇಶದ ತೀರ್ಥನ್ ಮುಂತಾದ ನದಿಗಳು ಟ್ರೌಟಿಗೆ ಹೆಸರಾಗಿವೆ. ಹಿಮಾಲಯದಲ್ಲಿ ಹಿಮ ಟ್ರೌಟ್ ಎಂದು ಕರೆಯುವ ಮೀನು ನಿಜವಾಗಿ ಟ್ರೌಟ್ ಅಲ್ಲ, ಗೆಂಡೆಯ ಕುಟುಂಬಕ್ಕೆ ಸೇರಿದ್ದು. ಗಾಳ ಹಾಕಲು ಆಯಾ ರಾಜ್ಯದ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಮೊಟ್ಟೆಯಿಡುವ ಚಳಿಗಾಲದಲ್ಲಿ ನಿಷೇಧವಿರುತ್ತದೆ. ಕೆಲವು ನೀರುಗಳಲ್ಲಿ ಕೃತಕ ನೊಣದಿಂದ ಹಿಡಿಯಲು ಮಾತ್ರ ಅವಕಾಶವಿದ್ದು ಸ್ಪಿನ್ನಿಂಗ್ ರೀಲನ್ನು ಒಯ್ಯುವಂತೆಯೇ ಇಲ್ಲ. ಆದುದರಿಂದ ಪರವಾನಗಿಯ ಷರತ್ತುಗಳನ್ನು ಓದಿದ ಮೇಲೆಯೇ ರೀಲ್ ಕೊಳ್ಳುವುದು ವಿವೇಕ.

ಕರ್ನಾಟಕದ ಗಾಳಗಾರಿಕೆಯ ಪರಂಪರೆ ಬೇರೆಯೇ ಬಗೆಯದು. ಕಾವೇರಿ ಮತ್ತು ಅದರ ಉಪನದಿಗಳ ಮಹಶೀರ್ ಅದರ ಕೇಂದ್ರ. ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿ ನದಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಹಿಡಿದುದು ದಾಖಲಾಗಿದೆ. ಅಂತಹ ಮೀನಿಗೂ ವೇಗದ ಪ್ರವಾಹಕ್ಕೂ ಇಲ್ಲಿ ವಿವರಿಸಿದ ರೀಲ್ ಆಟಿಕೆಯಂತೆ. ಗೂನುಬೆನ್ನಿನ ಮಹಶೀರ್ ಈಗ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿರುವುದರಿಂದಲೂ ನದಿಯ ಮುಖ್ಯ ಭಾಗಗಳು ವನ್ಯಜೀವಿ ಧಾಮಕ್ಕೆ ಸೇರಿರುವುದರಿಂದಲೂ ಅಲ್ಲಿ ಮೊದಲಿನಂತೆ ಗಾಳ ಹಾಕಲಾಗುವುದಿಲ್ಲ.

ನಿರ್ವಹಣೆ

ಬಳಸಿದ ಬಳಿಕ ರೀಲನ್ನು ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಬೇಕು. ನೀರಿನಲ್ಲಿ ಮುಳುಗಿಸಿ ತೊಳೆದರೆ ಮರಳು ಒಳಗೆ ಸೇರುತ್ತದೆ. ದಾರದ ಉರುಳುಗಾಲಿಗೆ, ಹಿಡಿಕೆಯ ಗುಬಟಿಗೆ, ಬೇಲಿನ ಕೀಲುಗಳಿಗೆ ಆಗಾಗ ಒಂದು ಹನಿ ತೆಳು ಎಣ್ಣೆ ಸಾಕು. ಉರುಳುಗಾಲಿ ತಿರುಗದೆ ನಿಂತರೆ ದಾರ ಅದರಲ್ಲಿ ಗೀರು ಕೊರೆಯುತ್ತದೆ, ಆ ಗೀರು ಮುಂದೆ ದಾರವನ್ನೇ ಸವೆಸುತ್ತದೆ. ಹಲ್ಲುಚಕ್ರಗಳಿಗೆ ವರ್ಷಕ್ಕೊಮ್ಮೆ ಗ್ರೀಸ್ ಹಚ್ಚಿದರಾಯಿತು. ಏಕಮುಖ ತಡೆಗೆ ಗ್ರೀಸ್ ತಾಗಬಾರದು: ಹಿಮದ ಚಳಿಯಲ್ಲಿ ಅದು ಗಟ್ಟಿಯಾಗಿ ಸಣ್ಣ ಉರುಳೆಗಳು ಸ್ಥಾನಕ್ಕೆ ಬಾರದೆ, ಮೀನು ಕಚ್ಚಿದ ಹೊತ್ತಿನಲ್ಲಿಯೇ ಹಿಡಿಕೆ ಹಿಂದಕ್ಕೆ ತಿರುಗಿಬಿಡುತ್ತದೆ. ರೀಲನ್ನು ಎತ್ತಿಡುವಾಗ ಡ್ರ್ಯಾಗಿನ ಗುಂಡಿಯನ್ನು ಪೂರ್ಣವಾಗಿ ಸಡಿಲಗೊಳಿಸಬೇಕು. ಬಿಗಿಯಾಗಿಯೇ ಬಿಟ್ಟರೆ ಒತ್ತುಬಟ್ಟೆಯ ಬಿಲ್ಲೆಗಳು ಚಪ್ಪಟೆಯಾಗಿ ನಯವನ್ನು ಕಳೆದುಕೊಳ್ಳುತ್ತವೆ. ನೈಲಾನ್ ದಾರವನ್ನು ಬಿಸಿಲು ಮತ್ತು ಸವೆತ ದುರ್ಬಲಗೊಳಿಸುವುದರಿಂದ ಪ್ರತಿ ಋತುವಿಗೆ ಬದಲಾಯಿಸುತ್ತಾರೆ. ತೆಗೆದ ಹಳೆಯ ದಾರವನ್ನು ದಡದಲ್ಲಿ ಎಸೆಯದೆ ಸಣ್ಣದಾಗಿ ಕತ್ತರಿಸಿ ಮನೆಗೆ ಒಯ್ಯಬೇಕು, ಇಲ್ಲದಿದ್ದರೆ ನೀರುಹಕ್ಕಿಗಳ ಕಾಲಿಗೂ ಕೊಕ್ಕಿಗೂ ಸುತ್ತಿಕೊಳ್ಳುತ್ತದೆ.